ಉಂಬಳಿಯಿಂದ ಪಿಂಚಣಿಗೆ: ನಿವೃತ್ತರ ಹಕ್ಕೂ ವಾಸಸ್ಥಳವೂ

(೧)

ದುಡಿದು ದಣಿದವನಿಗೆ ಪ್ರಭುತ್ವವು ಕೊಡುವ ಜೀವನಾಂಶವು ಪ್ರಭುವಿನ ಅನುಗ್ರಹವೋ ದುಡಿದವನ ಸ್ವತ್ತೋ ಎಂಬ ಪ್ರಶ್ನೆಯು ಬಹು ಹಳೆಯದು. ಇದರೊಡನೆ ಇನ್ನೊಂದು ಪ್ರಶ್ನೆಯು ಕಳೆದ ಎರಡು ಶತಮಾನಗಳಲ್ಲಿ ಹೆಣೆದುಕೊಂಡಿರುವುದು. ಆ ಜೀವನಾಂಶವನ್ನು ಪಡೆಯುವವನು ಎಲ್ಲಿ ವಾಸಿಸಬೇಕು? ಅವನು ನಾಡನ್ನು ಬಿಟ್ಟು ಹೋದರೆ ಅವನ ಹಕ್ಕು ಕುಂದುವುದೋ? ಬ್ರಿಟನ್ನಿನಲ್ಲಿ ದುಡಿದು, ಅಲ್ಲಿಯ ರಾಷ್ಟ್ರೀಯ ವಿಮೆಗೆ ವಂತಿಗೆಯನ್ನು ತೆತ್ತು, ಮುಪ್ಪಿನಲ್ಲಿ ಪರದೇಶದಲ್ಲಿ ನೆಲೆಸಿದ ನಿವೃತ್ತರ ವ್ಯಾಜ್ಯವು ಈ ಎರಡನೆಯ ಪ್ರಶ್ನೆಗೆ ಪ್ರಸಿದ್ಧವಾದ ಉದಾಹರಣೆ.

ಇದು ಇಂಗ್ಲಿಷರ ಮನೆಯ ಮಾತು, ಕನ್ನಡಿಗರಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಉತ್ತರವು ಎರಡು ವಿಧವಾಗಿದೆ. ಮೊದಲನೆಯದಾಗಿ, ಕರ್ನಾಟಕದಿಂದ ಹೋಗಿ ಬ್ರಿಟನ್ನಿನಲ್ಲಿ ಸೇವೆ ಮಾಡಿದ ವೈದ್ಯರು, ದಾದಿಯರು, ಇತರ ನೌಕರರು ಊರಿಗೆ ಮರಳಿದರೆ ಅವರಿಗೂ ಇದೇ ನಿಯಮವು ತಗಲುವುದು. ಎರಡನೆಯದಾಗಿ, ಧಾರವಾಡ ಜಿಲ್ಲೆಯ ಇತಿಹಾಸದಲ್ಲಿ ಈ ಪ್ರಶ್ನೆಯು ತಲೆಕೆಳಗಾದ ರೂಪದಲ್ಲಿ ಒಮ್ಮೆ ನಡೆದುಹೋಗಿದೆ. ಕಲಘಟಗಿಯಂಥ ತಾಲೂಕಿನ ರೈತನು ತೆತ್ತ ಕಂದಾಯದ ಒಂದು ಪಾಲು ಸಮುದ್ರದಾಚೆ ನೆಲೆಸಿದ ನಿವೃತ್ತ ಅಧಿಕಾರಿಗಳ ಜೀವನಾಂಶವಾಗಿ ಹೋಗುತ್ತಿದ್ದ ಕಾಲವೊಂದಿತ್ತು. ಆಗ ದೂರವಾಸವು ಹಕ್ಕಿಗೆ ಅಡ್ಡಿಯೆಂದು ಯಾರೂ ಹೇಳಲಿಲ್ಲ. ಈ ಎರಡು ಸಂಗತಿಗಳನ್ನು ಎದುರುಬದುರಾಗಿ ಇಟ್ಟು ನೋಡುವುದೇ ಈ ಲೇಖನದ ಉದ್ದೇಶವು.

(೨)

ಕಲಘಟಗಿಯು ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚು. ಪೂರ್ವದ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯು ಇಲ್ಲಿಗೆ ಬರುವಷ್ಟರಲ್ಲಿ ಮಸಾರಿಯಾಗಿ, ಹತ್ತಿಯ ಹೊಲವು ಭತ್ತದ ಗದ್ದೆಯಾಗಿ ಮಾರ್ಪಡುವುದು. ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯು ಈ ಊರಿನ ಮೇಲೆ ಹಾಯ್ದು ಕಾಡನ್ನು ಹೊಗುವುದು. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಈ ಊರಿನ ಸುತ್ತಲಿನ ಹಳ್ಳಿಗಳಲ್ಲಿಯೂ, ಜಿಲ್ಲೆಯ ಬೇರೆ ಹಳ್ಳಿಗಳಲ್ಲಿಯಂತೆ, ಗೌಡ, ಕುಲಕರ್ಣಿ, ತಳವಾರ, ಶೇತಸನದಿ ಮುಂತಾದವರಿಗೆ ಸೇವೆಯ ಪ್ರತಿಫಲವಾಗಿ ಭೂಮಿಯು ನಡೆಯುತ್ತಿತ್ತು. ಅದನ್ನು ಜನರು ಉಂಬಳಿಯೆಂದರು. ದಫ್ತರದ ಭಾಷೆಯಲ್ಲಿ ಅದಕ್ಕೆ ಇನಾಮು, ವತನು ಎಂಬ ಹೆಸರುಗಳು ಬಂದುವು.

ಈ ಪದ್ಧತಿಯ ಬೇರು ಆಳವಾದುದು. ೧೯೩೬ರಲ್ಲಿ ಡಾ॥ ಎಂ. ಎಚ್. ಕೃಷ್ಣರು ಬೆಳಕಿಗೆ ತಂದ, ಸುಮಾರು ಕ್ರಿ. ಶ. ೪೫೦ರದೆಂದು ಎಣಿಸಲಾದ ಹಲ್ಮಿಡಿ ಶಾಸನವು ಕನ್ನಡ ಭಾಷೆಯ ಚರಿತ್ರೆಗೆ ಎಷ್ಟು ಮುಖ್ಯವೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ಹೇಳಬೇಕಾದುದಿಲ್ಲ. ಆದರೆ ಅದರ ವಿಷಯವೇನೆಂಬುದನ್ನು ನಾವು ಅನೇಕವೇಳೆ ಮರೆಯುವೆವು. ಕಾಳಗದಲ್ಲಿ ಪರಾಕ್ರಮವನ್ನು ತೋರಿದ ವಿಜಅರಸನೆಂಬವನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿಯನ್ನು ಅದು ತಿಳಿಸುವುದು. ಬಾಳ್ ಎಂದರೆ ಖಡ್ಗ. ಯೋಧನ ಸೇವೆಗೆ ಸಂದ ಭೂಮಿಯೇ ಬಾಳ್ಗಳ್ಚು. ಮಡಿದ ವೀರನ ಕುಟುಂಬಕ್ಕೆ ಬಿಟ್ಟ ಭೂಮಿಗೆ ಮುಂದಿನ ಶಾಸನಗಳಲ್ಲಿ ನೆತ್ತರುಗೊಡಗೆಯೆಂಬ ಹೆಸರು ಬರುವುದು. ಹೀಗೆ ನಮ್ಮ ಭಾಷೆಯ ಅತಿ ಹಳೆಯ ಬರಹಗಳಲ್ಲೊಂದು, ಸೇವೆಗೆ ಸಲ್ಲಬೇಕಾದುದು ಸಂದಿತೆಂಬುದಕ್ಕೆ ಕಲ್ಲಿನಲ್ಲಿ ಬರೆದ ಸಾಕ್ಷ್ಯವಾಗಿದೆ.

ಇಂಥ ದತ್ತಿಗಳ ಮೂರು ಗುಣಗಳನ್ನು ಗಮನಿಸಬೇಕು. ಒಂದನೆಯದು, ದಾನವೆಂಬ ಹೆಸರಿದ್ದರೂ ಅದನ್ನು ಮುಂದಿನ ಅರಸರೂ ಕಿತ್ತುಕೊಳ್ಳಬಾರದೆಂಬ ಶಾಪವಾಕ್ಯವು ಶಾಸನದ ಕೊನೆಗೆ ಇರುವುದು. ಆದುದರಿಂದ ಕೊಟ್ಟವನ ಅನುಗ್ರಹವು ಕೊಟ್ಟೊಡನೆ ಪಡೆದವನ ಹಕ್ಕಾಗಿ ಮಾರ್ಪಡುತ್ತಿತ್ತು. ಎರಡನೆಯದು, ಭೂಮಿಯ ಉತ್ಪನ್ನವು ಧಾನ್ಯವಾದುದರಿಂದ ಪೇಟೆಯಲ್ಲಿ ಬೆಲೆಯು ಏರಿದರೆ ಉಂಬಳಿಯ ಬೆಲೆಯೂ ತಾನಾಗಿ ಏರುತ್ತಿತ್ತು. ಅದನ್ನು ಕಾಲಕಾಲಕ್ಕೆ ಹೆಚ್ಚಿಸಿರೆಂದು ಯಾರನ್ನೂ ಬೇಡಬೇಕಾಗಿರಲಿಲ್ಲ. ಮೂರನೆಯದು, ಜೀವನಾಂಶವೂ ಅದನ್ನು ಉಣ್ಣುವವನೂ ಒಂದೇ ನೆಲದ ಮೇಲಿರುತ್ತಿದ್ದುದರಿಂದ ವಾಸಸ್ಥಳದ ಪ್ರಶ್ನೆಯೇ ಸಾಮಾನ್ಯವಾಗಿ ಏಳುತ್ತಿರಲಿಲ್ಲ.

ಈ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಸೇವೆಯು ನಿಂತ ಮೇಲೆಯೂ ಉಂಬಳಿಯು ವಂಶಪರಂಪರೆಯಾಗಿ ನಡೆದು, ದುಡಿಮೆಯ ಪ್ರತಿಫಲವು ಹುಟ್ಟಿನ ಹಕ್ಕಾಗಿ ನಿಂತಿತು. ಮುಂಬಯಿ ಸರಕಾರವು ೧೯೫೦ರ ಕಾಯಿದೆಯಿಂದ ಪರಗಣೆಯ ಹಾಗೂ ಕುಲಕರ್ಣಿಯ ವತನುಗಳನ್ನೂ, ೧೯೫೨ರ ಕಾಯಿದೆಯಿಂದ ವೈಯಕ್ತಿಕ ಇನಾಮುಗಳನ್ನೂ ತೆಗೆದುಹಾಕಿದುದಕ್ಕೆ ಈ ದೋಷವೇ ಮುಖ್ಯ ಕಾರಣ. ಆದರೂ ಮೇಲೆ ಹೇಳಿದ ಮೂರು ಗುಣಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರ್ಚೆಯು ಸುಗಮವಾಗುವುದು.

(೩)

ಪೇಶವೆಯ ಆಳಿಕೆಯು ಮುಗಿದು ೧೮೧೭-೧೮ರಲ್ಲಿ ಧಾರವಾಡ ಪ್ರಾಂತವು ಕಂಪನಿಯ ಕೈಸೇರಿತು. ಆಗ ಜೀವನಾಂಶದ ಹೊಸದೊಂದು ರೂಪವು ನಮ್ಮ ನಾಡಿನ ಮುಂದೆ ಕಾಣಿಸಿಕೊಂಡಿತು. ಎರಡನೆಯ ಬಾಜೀರಾವನಿಗೆ ವರ್ಷಕ್ಕೆ ೮ ಲಕ್ಷ ರೂಪಾಯಿಗಳ ವರ್ಷಾಸನವು ಗೊತ್ತಾಯಿತು. ಆದರೆ ಅವನು ದಖ್ಖಣವನ್ನು ಬಿಟ್ಟು ಉತ್ತರಕ್ಕೆ ಹೋಗಿ ಇರಬೇಕಾಯಿತು. ಕಾನಪುರದ ಬಳಿಯ ಬಿಠೂರಿನಲ್ಲಿ ಅವನು ೧೮೫೧ರಲ್ಲಿ ತೀರಿಕೊಂಡಾಗ, ದತ್ತುಮಗನಾದ ನಾನಾಸಾಹೇಬನಿಗೆ ಅದನ್ನು ಮುಂದುವರಿಸಲಿಲ್ಲ. ಇಲ್ಲಿ ಹಣವೂ ಸ್ಥಳವೂ ಒಂದೇ ಕರಾರಿನ ಎರಡು ಮುಖಗಳು. ನಾಡನ್ನು ಬಿಟ್ಟಿರುವುದೇ ಹಣವನ್ನು ಪಡೆಯುವ ಷರತ್ತು.

ಕನ್ನಡನಾಡಿನ ಇನ್ನೊಬ್ಬ ಅರಸನ ಕಥೆಯು ಇದಕ್ಕಿಂತಲೂ ಬೋಧಪ್ರದವಾದುದು. ೧೮೩೪ರಲ್ಲಿ ಪದಚ್ಯುತನಾದ ಕೊಡಗಿನ ಚಿಕವೀರರಾಜೇಂದ್ರನನ್ನು ಕಂಪನಿಯು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಸಾಗಿಸಿತು. ಅವನು ೧೮೫೨ರಲ್ಲಿ ಮಗಳಾದ ಗೌರಮ್ಮನೊಡನೆ ಇಂಗ್ಲೆಂಡಕ್ಕೆ ಹೋದನು. ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣವು ತನ್ನದೆಂದೂ, ಅದನ್ನು ಕಂಪನಿಯು ಹಿಂದಿರುಗಿಸಬೇಕೆಂದೂ ಅಲ್ಲಿಯ ಚಾನ್ಸರಿ ನ್ಯಾಯಸ್ಥಾನದಲ್ಲಿ ವ್ಯಾಜ್ಯವನ್ನು ಹೂಡಿದನು. ಪರದೇಶದಲ್ಲಿ ಕುಳಿತು ಸರಕಾರದೊಡನೆ ತನ್ನ ಹಣಕ್ಕಾಗಿ ಹೋರಾಡಿದ ಕನ್ನಡನಾಡಿನವರಲ್ಲಿ ಇವನು ಮೊದಲಿಗರಲ್ಲೊಬ್ಬನು. ೧೮೫೯ರಲ್ಲಿ ಲಂಡನ್ನಿನಲ್ಲಿಯೇ ಅವನ ಆಯುಸ್ಸು ತೀರಿತು. ಮರುವರ್ಷ ನ್ಯಾಯಸ್ಥಾನವು, ಈ ಸಂಪತ್ತಿನ ವಶೀಕರಣವು ಯುದ್ಧದಲ್ಲಿ ಪ್ರಭುತ್ವವು ನಡೆಯಿಸಿದ ಕಾರ್ಯವಾದುದರಿಂದ ಅದು ತನ್ನ ವಿಚಾರಣೆಯ ಎಲ್ಲೆಗೆ ಹೊರತಾದುದೆಂದು ತೀರ್ಮಾನಿಸಿತು. ಹಕ್ಕು ಉಂಟೋ ಇಲ್ಲವೋ ಎಂಬ ಮಾತಿಗೆ ಮೊದಲೇ, ಕೇಳುವುದಕ್ಕೆ ಎಡೆಯಿಲ್ಲವೆಂಬ ಉತ್ತರವು ಬಂದಿತು.

ಅರಸರ ಗತಿಯು ಹೀಗಾದರೆ ಸಾಮಾನ್ಯರದೇನು? ಕಿತ್ತೂರಿನ ಪತನಾನಂತರ ಎದ್ದ ಸಂಗೊಳ್ಳಿ ರಾಯಣ್ಣನೂ ಅವನ ಅನೇಕ ಸಂಗಡಿಗರೂ ಶೇತಸನದಿಗಳು. ಸೇವೆಗಾಗಿ ಉಣ್ಣುತ್ತಿದ್ದ ಭೂಮಿಗೆ ಒದಗಿದ ಕುತ್ತವು ಆ ದಂಗೆಯ ಕಾರಣಗಳಲ್ಲೊಂದು. ೧೮೩೧ರ ಜನೆವರಿ ೨೬ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅನಂತರ ದಕ್ಷಿಣ ಮರಾಠಾ ಪ್ರಾಂತದಲ್ಲಿ ಇನಾಮುಗಳ ವಿಚಾರಣೆಯು ಮೊದಲಾಗಿ, ೧೮೫೨ರ ೧೧ನೆಯ ಕಾಯಿದೆಯಿಂದ ಇನಾಮ ಕಮಿಶನ್ನಿಗೆ ಪೂರ್ಣಾಧಿಕಾರವು ಬಂದಿತು. ತಲೆಮಾರುಗಳಿಂದ ಉಂಡುಬಂದ ಭೂಮಿಗೆ ಸನದನ್ನು ತೋರಿಸಿರೆಂದು ಕೇಳಿದಾಗ, ಗೆದ್ದಲು ತಿಂದ ಕಾಗದವನ್ನಾದರೂ ತರಲಾರದವರ ಪಾಡು ಏನಾಗಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. ೧೮೫೮ರ ನರಗುಂದದ ಬಂಡಾಯಕ್ಕೆ ದತ್ತಕದ ನಿರಾಕರಣೆಯೊಡನೆ ಈ ಅಸಮಾಧಾನವೂ ಸೇರಿತ್ತು. ಕೊನೆಗೆ ೧೮೬೩ರ ಮುಂಬಯಿ ಕಾಯಿದೆಗಳು, ವರ್ಷವರ್ಷವೂ ಗೊತ್ತಾದ ಜುಡಿಯನ್ನು ತೆರಲು ಒಪ್ಪಿದವರ ಇನಾಮುಗಳನ್ನು ಸ್ಥಿರಪಡಿಸಿ ಈ ಕಳವಳವನ್ನು ಬಹುಮಟ್ಟಿಗೆ ಶಾಂತಗೊಳಿಸಿದುವು.

ಆದರೆ ನಗದಿನ ರೂಪದಲ್ಲಿದ್ದ ಜೀವನಾಂಶಕ್ಕೆ ಇಂಥ ಭದ್ರತೆಯು ಒದಗಲಿಲ್ಲ. ೧೮೭೧ರ ೨೩ನೆಯ ಕಾಯಿದೆಯಾದ ಪಿಂಚಣಿ ಕಾಯಿದೆಯ ೪ನೆಯ ಕಲಮಿನಂತೆ, ಸರಕಾರವು ದಯಪಾಲಿಸಿದ ಪಿಂಚಣಿ, ಹಣ ಅಥವಾ ಭೂಕಂದಾಯದ ಕೊಡುಗೆಗಳ ವಿಷಯವಾಗಿ ದಿವಾಣಿ ನ್ಯಾಯಸ್ಥಾನಗಳು ಯಾವ ದಾವೆಯನ್ನೂ ವಿಚಾರಿಸಕೂಡದು. ಕಲೆಕ್ಟರರ ಅಥವಾ ಅಧಿಕಾರವುಳ್ಳ ಇತರ ಅಧಿಕಾರಿಯ ಪ್ರಮಾಣಪತ್ರವಿದ್ದರೆ ಮಾತ್ರ ವಿಚಾರಿಸಬಹುದು. ಇದೇ ಕಾಯಿದೆಯು ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡದಂತೆ ವೃದ್ಧರನ್ನು ಕಾಪಾಡಿದುದೂ ನಿಜ. ಸಾಲಗಾರನಿಂದ ರಕ್ಷಣೆಯುಂಟು, ಕೊಡುವ ಸರಕಾರದಿಂದ ರಕ್ಷಣೆಯಿಲ್ಲ: ಇದು ಆ ಕಾಯಿದೆಯ ಸಾರಾಂಶ. ಭೂಮಿಯು ಪಡೆದವನ ಕೈಯಲ್ಲಿರುತ್ತದೆ. ನಗದು ಪ್ರತಿ ಸಲವೂ ಕೊಡುವವನ ಕೈಯಿಂದ ಹೊರಡಬೇಕು. ಉಂಬಳಿಗೂ ಪಿಂಚಣಿಗೂ ಇರುವ ನಿಜವಾದ ಭೇದವು ಇದೇ ಎಂದು ನಮಗೆ ತೋರುತ್ತದೆ.

(೪)

ಇನ್ನು ಇದೇ ಕಾಲದ ಮತ್ತೊಂದು ಬಗೆಯ ನಿವೃತ್ತರನ್ನು ನೋಡೋಣ. ಧಾರವಾಡದ ಇತಿಹಾಸವನ್ನು ಬರೆಯುವವರಾರೂ ಸರ್ ವಾಲ್ಟರ್ ಎಲಿಯಟ್ಟರನ್ನೂ ಡಾ॥ ಜೆ. ಎಫ್. ಫ್ಲೀಟರನ್ನೂ ಮರೆಯಲಾರರು. ೧೮೨೪ರಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕಿ ಬಿಡುಗಡೆ ಹೊಂದಿದ ಎಲಿಯಟ್ಟರು ಈ ಪ್ರಾಂತದ ಶಾಸನಗಳನ್ನು ಮೊದಲಿಗೆ ಒಟ್ಟುಗೂಡಿಸಿದರು. ೧೮೬೦ರಲ್ಲಿ ನಿವೃತ್ತರಾಗಿ ಸ್ಕಾಟ್ಲಂಡಿನಲ್ಲಿ ನೆಲೆಸಿ ೧೮೮೭ರಲ್ಲಿ ತೀರಿಕೊಂಡರು. ಮುಂಬಯಿ ಆಧಿಪತ್ಯದ ಸಿವಿಲ್ ಸೇವೆಗೆ ೧೮೬೭ರಲ್ಲಿ ಬಂದ ಫ್ಲೀಟರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಶಾಸನಗಳ ಆಧಾರದಿಂದ ಕಟ್ಟಿದರು; ೧೮೯೭ರಲ್ಲಿ ನಿವೃತ್ತರಾಗಿ ಇಂಗ್ಲೆಂಡದಲ್ಲಿದ್ದು, ೧೯೧೭ರಲ್ಲಿ ಮರಣ ಹೊಂದುವವರೆಗೂ ಶಾಸನಾಧ್ಯಯನವನ್ನು ಮುಂದುವರಿಸಿದರು. ಅವರ ವಿಶ್ರಾಂತಿಕಾಲದ ವಿದ್ವತ್ತಿಗೆ ನಾವು ಋಣಿಗಳು.

ಇಂಡಿಯನ್ ಸಿವಿಲ್ ಸೇವೆಯವರಿಗೆ ೨೫ ವರ್ಷಗಳ ಸೇವೆಯಾದ ಮೇಲೆ, ಅದರಲ್ಲಿ ೨೧ ವರ್ಷಗಳ ಪ್ರತ್ಯಕ್ಷ ಕಾರ್ಯವಿದ್ದರೆ, ವರ್ಷಕ್ಕೆ ೧೦೦೦ ಪೌಂಡುಗಳ ವರ್ಷಾಸನವು ಸಲ್ಲುತ್ತಿತ್ತು. ಇದರ ಭಾರವು ಭಾರತದ ಆದಾಯದ ಮೇಲಿತ್ತು. ಸೈನ್ಯದ ಹಾಗೂ ಇತರ ಇಲಾಖೆಗಳ ಪಿಂಚಣಿಗಳೊಡನೆ ಇದು ವಿಲಾಯಿತಿಯ ವೆಚ್ಚವೆಂಬ ಲೆಕ್ಕದಲ್ಲಿ ಸೇರಿ ವರ್ಷವರ್ಷವೂ ಹೊರಗೆ ಹೋಗುತ್ತಿತ್ತು. ದಾದಾಭಾಯಿ ನವರೋಜಿಯವರು ಸಂಪತ್ತಿನ ಸೋರಿಕೆಯೆಂದು ಕರೆದುದರಲ್ಲಿ ಇದೂ ಒಂದು ಭಾಗ.

ಈ ಹಣವು ಪೌಂಡಿನಲ್ಲಿ ಗೊತ್ತಾಗಿದ್ದುದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬೇಕು. ೧೮೭೦ರ ಸುಮಾರಿಗೆ ಒಂದು ರೂಪಾಯಿಗೆ ಹೆಚ್ಚುಕಡಿಮೆ ೨ ಶಿಲಿಂಗುಗಳಿದ್ದುವು. ಬೆಳ್ಳಿಯ ಬೆಲೆಯು ಕುಸಿದಂತೆ ರೂಪಾಯಿಯೂ ಕುಸಿದು, ಆ ಶತಮಾನದ ಕೊನೆಗೆ ೧ ಶಿಲಿಂಗು ೪ ಪೆನ್ಸಿಗೆ ಬಂದು ನಿಂತಿತು. ೧೦೦೦ ಪೌಂಡುಗಳನ್ನು ಕಳುಹಿಸುವುದಕ್ಕೆ ಮೊದಲು ೧೦,೦೦೦ ರೂಪಾಯಿ ಸಾಕಾಗಿದ್ದರೆ ಆಮೇಲೆ ೧೫,೦೦೦ ಬೇಕಾಯಿತು. ನಿವೃತ್ತನಿಗೆ ಒಂದು ಕಾಸೂ ಹೆಚ್ಚಲಿಲ್ಲ, ಕಡಮೆಯೂ ಆಗಲಿಲ್ಲ. ವ್ಯತ್ಯಾಸವನ್ನು ತುಂಬಿದವರು ಈ ದೇಶದ ಕಂದಾಯದಾರರು.

ಆದರೆ ಎಲ್ಲ ಯುರೋಪಿಯನ್ ನೌಕರರಿಗೂ ಈ ಭಾಗ್ಯವಿರಲಿಲ್ಲ. ಕರಾರಿಗೆ ಒಳಪಡದ ಸೇವೆಯೆಂದು ಕರೆಯುತ್ತಿದ್ದ ಇಲಾಖೆಗಳವರ ಪಿಂಚಣಿಯು ರೂಪಾಯಿಯಲ್ಲಿತ್ತು. ೧೦೦೦ ರೂಪಾಯಿಗಳ ಪಿಂಚಣಿಯುಳ್ಳವನಿಗೆ ೨ ಶಿಲಿಂಗಿನ ದರದಲ್ಲಿ ೧೦೦ ಪೌಂಡುಗಳು ಬರಬೇಕು. ೧ ಶಿಲಿಂಗು ೪ ಪೆನ್ಸಿನ ದರದಲ್ಲಿ ೬೭ ಪೌಂಡುಗಳೂ ಪೂರ್ತಿಯಾಗಿ ಬರುವುದಿಲ್ಲ. ನಾವು ಭಾರತದಲ್ಲಿಯೇ ಉಳಿದಿದ್ದರೆ ಈ ನಷ್ಟವಿರಲಿಲ್ಲ, ತಾಯ್ನಾಡಿಗೆ ಮರಳಿದುದೇ ತಪ್ಪಾಯಿತೋ ಎಂಬುದು ಅವರ ದೂರಿನ ತಿರುಳು. ದೂರು ಪಾರ್ಲಿಮೆಂಟಿನವರೆಗೆ ಹೋಗಿ, ೧೮೯೦ರಲ್ಲಿ ಕಾಮನ್ಸ್ ಸಭೆಯ ಸಮಿತಿಯೊಂದು ಅದನ್ನು ವಿಚಾರಿಸಿತು. ದುಡಿದ ಸೇವೆಯು ಒಂದೇ ಆಗಿರುವಾಗ ವಾಸಸ್ಥಳದ ಮೂಲಕ ಜೀವನಾಂಶವು ಸವೆಯುವುದು ಅನ್ಯಾಯವೆಂಬ ವಾದವನ್ನು ಬ್ರಿಟಿಷರೇ ಅಂದು ಮಂಡಿಸಿದ್ದರೆಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

ಸ್ವಾತಂತ್ರ್ಯ ಬಂದಾಗ ಈ ಋಣವನ್ನು ಭಾರತವು ತಳ್ಳಿಹಾಕಲಿಲ್ಲ. ೧೯೪೮ರ ಜುಲೈ ತಿಂಗಳ ಆರ್ಥಿಕ ಒಪ್ಪಂದದಂತೆ, ಬ್ರಿಟನ್ನಿನಲ್ಲಿ ಜಮೆಯಾಗಿದ್ದ ತನ್ನ ಸ್ಟರ್ಲಿಂಗ್ ಶಿಲ್ಕಿನಿಂದ ಕೇಂದ್ರ ಸರಕಾರದ ಪಿಂಚಣಿಗಳಿಗಾಗಿ ೧೪ ಕೋಟಿ ೭೫ ಲಕ್ಷ ಪೌಂಡುಗಳನ್ನೂ, ಪ್ರಾಂತಗಳ ಪಿಂಚಣಿಗಳಿಗಾಗಿ ೨ ಕೋಟಿ ೫ ಲಕ್ಷ ಪೌಂಡುಗಳನ್ನೂ ಒಟ್ಟಿಗೆ ತೆಗೆದಿಟ್ಟಿತು. ಅಂದಿನ ದರದಲ್ಲಿ ಇದು ಸುಮಾರು ೨೨೪ ಕೋಟಿ ರೂಪಾಯಿ. ೧೯೫೫ರ ಬ್ರಿಟಿಷ್ ಶಾಸನವೊಂದರಿಂದ ಇವುಗಳನ್ನು ಸಲ್ಲಿಸುವ ಹೊಣೆಯನ್ನು ಬ್ರಿಟಿಷ್ ಸರಕಾರವೇ ವಹಿಸಿಕೊಂಡಿತು. ಆಳಿದವರು ದೂರ ಹೋಗಿ ಕುಳಿತರೆಂಬ ಕಾರಣದಿಂದ ಅವರ ನಿವೃತ್ತಿವೇತನವನ್ನು ಮೊಟಕು ಮಾಡುವ ಯೋಚನೆಯನ್ನು, ಆಳಿಸಿಕೊಂಡ ದೇಶವು ಮಾಡಲಿಲ್ಲ.

(೫)

ಕಾಲದ ಹೊಂದಿಕೆಯು ಕೆಲವೊಮ್ಮೆ ವಿಚಿತ್ರವಾಗಿರುವುದು. ಭಾರತವು ಈ ಹಣವನ್ನು ತೆಗೆದಿಟ್ಟ ತಿಂಗಳಿನಲ್ಲಿಯೇ, ಅಂದರೆ ೧೯೪೮ರ ಜುಲೈ ೫ರಂದು, ಬ್ರಿಟನ್ನಿನಲ್ಲಿ ೧೯೪೬ರ ರಾಷ್ಟ್ರೀಯ ವಿಮಾ ಕಾಯಿದೆಯು ಆಚರಣೆಗೆ ಬಂದಿತು. ಅಲ್ಲಿಯ ವೃದ್ಧಾಪ್ಯ ಪಿಂಚಣಿಯ ಪೂರ್ವೇತಿಹಾಸವನ್ನು ಎರಡು ಮಾತಿನಲ್ಲಿ ಹೇಳಬಹುದು. ೧೯೦೮ರ ಕಾಯಿದೆಯಂತೆ ೭೦ ವರ್ಷ ದಾಟಿದ ಬಡವರಿಗೆ ೧೯೦೯ರ ಜನೆವರಿ ೧ರಿಂದ ವಾರಕ್ಕೆ ಹೆಚ್ಚೆಂದರೆ ೫ ಶಿಲಿಂಗು ಸಲ್ಲತೊಡಗಿತು. ಅವರು ೨೦ ವರ್ಷ ಆ ರಾಜ್ಯದಲ್ಲಿ ವಾಸಿಸಿರಬೇಕೆಂಬ ನಿಯಮವಿತ್ತು. ಅದು ವಂತಿಗೆಯಿಲ್ಲದ ಸಹಾಯವಾದುದರಿಂದ ವಾಸದ ನಿಯಮವು ಸಹಜವೇ. ೧೯೨೫ರ ಕಾಯಿದೆಯು ವಂತಿಗೆಯ ಪದ್ಧತಿಯನ್ನು ತಂದಿತು. ೧೯೪೬ರದು ಅದನ್ನು ಎಲ್ಲರಿಗೂ ವ್ಯಾಪಿಸಿತು. ಹೀಗೆ ಪಿಂಚಣಿಯ ಸ್ವರೂಪವು ಬದಲಾಯಿತು, ಆದರೆ ಸ್ಥಳದ ನೆರಳು ಅದನ್ನು ಬಿಡಲಿಲ್ಲ. ವಿದೇಶದಲ್ಲಿದ್ದವರಿಗೂ ಪಿಂಚಣಿಯು ಸಲ್ಲುವುದು. ಆದರೆ ಬೆಲೆಯೇರಿಕೆಗೆ ಅನುಗುಣವಾಗಿ ವರ್ಷವರ್ಷವೂ ಮಾಡುವ ಹೆಚ್ಚಳವು, ೧೯೫೫ರಿಂದ ಈಚೆಗೆ, ಅವರಲ್ಲಿ ಅನೇಕರಿಗೆ ದೊರೆಯದೆ ಹೋಯಿತು.

ಎಲ್ಲರಿಗೂ ಹಾಗಲ್ಲವೆಂಬುದೇ ಆಶ್ಚರ್ಯ. ಯುರೋಪಿನ ಒಕ್ಕೂಟದ ದೇಶಗಳು, ಅಮೆರಿಕದ ಸಂಯುಕ್ತ ಸಂಸ್ಥಾನ, ಫಿಲಿಪೈನ್ಸ್ ಮೊದಲಾದೆಡೆಗಳಲ್ಲಿರುವವರಿಗೆ ಪರಸ್ಪರ ಒಪ್ಪಂದಗಳ ಬಲದಿಂದ ಹೆಚ್ಚಳವುಂಟು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲಂಡ್, ದಕ್ಷಿಣ ಆಫ್ರಿಕಾ, ಭಾರತ ಇವುಗಳಲ್ಲಿ ಇರುವವರಿಗೆ ಇಲ್ಲ. ಹೀಗೆ ಪಿಂಚಣಿಯು ಹೆಪ್ಪುಗಟ್ಟಿದವರ ಸಂಖ್ಯೆಯು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟಿದೆ. ಅವರಲ್ಲಿ ಬಹುಪಾಲು ಜನರು ಕಾಮನ್‌ವೆಲ್ತಿನ ದೇಶಗಳಲ್ಲಿಯೇ ಇರುವರು.

ಬ್ರಿಟನ್ನಿನಲ್ಲಿ ವಂತಿಗೆಯನ್ನು ಪೂರ್ಣವಾಗಿ ತೆತ್ತ ದಾದಿಯೊಬ್ಬಳು ೨೦೦೦ದಲ್ಲಿ ನಿವೃತ್ತಳಾಗಿ ಕಲಘಟಗಿಗೆ ಬಂದು ನೆಲೆಸಿದಳೆಂದು ಎಣಿಸೋಣ. ಆ ವರ್ಷದ ಪೂರ್ಣ ಮೂಲಪಿಂಚಣಿಯು ವಾರಕ್ಕೆ ೬೭ ಪೌಂಡು ೫೦ ಪೆನ್ಸು. ೨೦೨೪ರ ಏಪ್ರಿಲದಿಂದ ಅದೇ ಪಿಂಚಣಿಯು ಬ್ರಿಟನ್ನಿನಲ್ಲಿ ಉಳಿದ ಅವಳ ಸಂಗಡಿಗಳಿಗೆ ೧೬೯ ಪೌಂಡು ೫೦ ಪೆನ್ಸಾಗಿತ್ತು. ಕಲಘಟಗಿಯಲ್ಲಿರುವವಳಿಗೆ ಮಾತ್ರ ಹಿಂದಿನ ೬೭ ಪೌಂಡು ೫೦ ಪೆನ್ಸೇ. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಅಷ್ಟೇ ವರ್ಷ ದುಡಿದು, ಅಷ್ಟೇ ವಂತಿಗೆಯನ್ನು ತೆತ್ತಿದ್ದರೂ ಈ ಭೇದವು ತಪ್ಪದು. ಊರಿನ ಸಂತೆಯಲ್ಲಿ ಜೋಳದ ಬೆಲೆಯು ೨೦೦೦ದ ಬೆಲೆಯಲ್ಲಿ ನಿಂತಿಲ್ಲವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಆನೆಟ್ ಕಾರ್ಸನ್ ಎಂಬವರು ಈ ನಿಯಮವನ್ನು ನ್ಯಾಯಸ್ಥಾನದಲ್ಲಿ ಪ್ರಶ್ನಿಸಿದರು. ೨೦೦೫ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯ ನ್ಯಾಯಾಧೀಶರೂ, ೨೦೧೦ರ ಮಾರ್ಚ್ ೧೬ರಂದು ಯುರೋಪಿನ ಮಾನವಹಕ್ಕುಗಳ ನ್ಯಾಯಸ್ಥಾನದ ಮಹಾಪೀಠವೂ ಅವರ ವಾದವನ್ನು ಒಪ್ಪಲಿಲ್ಲ. ಮಹಾಪೀಠದಲ್ಲಿ ೧೧ ಜನರು ಒಂದು ಕಡೆ, ೬ ಜನರು ಇನ್ನೊಂದು ಕಡೆ. ಬಹುಮತದ ಯುಕ್ತಿಯನ್ನು ನ್ಯಾಯವಾಗಿ ಎತ್ತಿಹೇಳಬೇಕು. ವಂತಿಗೆಯು ಪ್ರತಿಯೊಬ್ಬನ ಹೆಸರಿನಲ್ಲಿ ಕೂಡಿಟ್ಟ ಗಂಟಲ್ಲ. ಅದು ಇತರ ಕರಗಳೊಡನೆ ಸೇರಿ ಆಯಾ ಕಾಲದ ಸಮಾಜರಕ್ಷಣೆಗೆ ವೆಚ್ಚವಾಗುವುದು. ಬ್ರಿಟನ್ನಿನ ಬೆಲೆಯೇರಿಕೆಯನ್ನು ಸರಿದೂಗಿಸುವ ಹೆಚ್ಚಳವು ಅಲ್ಲಿ ಇರುವವರ ಜೀವನಮಟ್ಟಕ್ಕಾಗಿ ಏರ್ಪಟ್ಟುದು. ಬೇರೆ ದೇಶಗಳ ಬೆಲೆ, ನಾಣ್ಯದರಗಳು ಬೇರೆ. ಆದುದರಿಂದ ಒಳಗಿರುವವರನ್ನೂ ಹೊರಗಿರುವವರನ್ನೂ ಹೋಲಿಸತಕ್ಕದ್ದಲ್ಲ.

ಈ ಯುಕ್ತಿಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಪೂರ್ಣವಾಗಿ ಸತ್ಯವಾಗಿದ್ದರೆ ಮನಿಲಾದಲ್ಲಿರುವವನಿಗೂ ನ್ಯೂಯಾರ್ಕಿನಲ್ಲಿರುವವನಿಗೂ ಹೆಚ್ಚಳವು ಸಲ್ಲಬಾರದಾಗಿತ್ತು. ಅವರಿಗೆ ಸಲ್ಲುತ್ತಿರುವಾಗ ಉಳಿದವರಿಗೆ ಸಲ್ಲದಿರುವುದಕ್ಕೆ ಕಾರಣವು ಜೀವನಮಟ್ಟವಲ್ಲ, ಸರಕಾರ ಸರಕಾರಗಳ ನಡುವಣ ಒಪ್ಪಂದ. ಒಪ್ಪಂದವನ್ನು ಮಾಡಿಕೊಳ್ಳುವುದೂ ಬಿಡುವುದೂ ನಿವೃತ್ತನ ಕೈಯಲ್ಲಿಲ್ಲ.

(೬)

ಭಾರತದ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಸಮೀಪವಾದ ಒಂದು ಪ್ರಶ್ನೆಯನ್ನು ಬೇರ್ಪಡೆಯಾಗಿ ಬಿಡಿಸಿತು. ಪಿಂಚಣಿಯು ಸರಕಾರದ ಇಚ್ಛೆಗೆ ಬಿಟ್ಟ ಕೃಪಾದಾನವಲ್ಲವೆಂದು ೧೯೭೧ರ ದೇವಕೀನಂದನ ಪ್ರಸಾದರ ಮೊಕದ್ದಮೆಯಲ್ಲಿ ಅದು ಹೇಳಿತ್ತು. ೧೯೮೨ರ ದಶಂಬರ ೧೭ರಂದು ನಕಾರಾರವರ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ೧೯೭೯ರ ಮಾರ್ಚ್ ೩೧ ಅಥವಾ ಅದರ ಅನಂತರ ನಿವೃತ್ತರಾದವರಿಗೆ ಮಾತ್ರ ಸುಧಾರಿಸಿದ ಲೆಕ್ಕದ ಪಿಂಚಣಿಯನ್ನು ಕೊಟ್ಟು, ಮುಂಚೆ ನಿವೃತ್ತರಾದವರನ್ನು ಹೊರಗಿಟ್ಟಿದ್ದ ಗೆರೆಯನ್ನು ನ್ಯಾಯಾಲಯವು ಅಳಿಸಿಹಾಕಿತು. ಪಿಂಚಣಿದಾರರೆಲ್ಲರೂ ಒಂದೇ ವರ್ಗ; ಒಂದು ದಿನಾಂಕದಿಂದ ಅವರನ್ನು ಇಬ್ಭಾಗಿಸಲಾಗದೆಂಬುದು ಆ ತೀರ್ಪಿನ ತಾತ್ಪರ್ಯವು. ಒಂದೆಡೆ ಕಾಲದ ಗೆರೆಯು ಅಳಿಯಿತು, ಇನ್ನೊಂದೆಡೆ ಸ್ಥಳದ ಗೆರೆಯು ಉಳಿಯಿತು.

ಮೇಲಿನ ಚರ್ಚೆಯಿಂದ ಫಲಿಸುವ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳಿ ಮುಗಿಸುವೆವು. ಉಂಬಳಿಗೆ ಬೆಲೆಯೊಡನೆ ಬೆಳೆಯುವ ಗುಣವಿತ್ತು, ಹುಟ್ಟಿಗೆ ಅಂಟಿಕೊಳ್ಳುವ ದೋಷವೂ ಇತ್ತು. ನಗದಿನ ಪಿಂಚಣಿಯು ಆ ದೋಷವನ್ನು ಕಳೆದುಕೊಂಡಿತು, ಜೊತೆಗೆ ಗುಣವನ್ನೂ ಕಳೆದುಕೊಂಡಿತು; ಅದನ್ನು ಪುನಃ ತಂದುಕೊಡುವುದಕ್ಕಾಗಿಯೇ ವಾರ್ಷಿಕ ಹೆಚ್ಚಳದ ನಿಯಮವು ಹುಟ್ಟಿತು. ಆದುದರಿಂದ ಹೆಚ್ಚಳವು ಪಿಂಚಣಿಯ ಮೇಲೆ ಇಟ್ಟ ಅಲಂಕಾರವಲ್ಲ. ಅದು ಪಿಂಚಣಿಯ ಜೀವ. ಅದನ್ನು ತೆಗೆದುಕೊಂಡು ಮೊದಲಿನ ಅಂಕಿಯನ್ನು ಮಾತ್ರ ಉಳಿಸುವುದು, ಹೊಲವನ್ನು ಕಸಿದುಕೊಂಡು ಸನದನ್ನು ಕೈಯಲ್ಲಿ ಕೊಟ್ಟಂತೆ.

ಎಲಿಯಟ್, ಫ್ಲೀಟರಂಥವರು ನಾಡನ್ನು ಬಿಟ್ಟ ಮೇಲೆಯೂ ಅವರ ಸೇವೆಯ ಫಲವು ಅವರನ್ನು ಹಿಂಬಾಲಿಸಿತು. ಆ ಹಣದ ಹೊರೆಯನ್ನು ಅರಿಯದೆಯೇ ಹೊತ್ತ ಕಲಘಟಗಿಯ ರೈತನ ಮೊಮ್ಮಗಳು ಬ್ರಿಟನ್ನಿನಲ್ಲಿ ದುಡಿದು ಅಜ್ಜನ ಊರಿಗೆ ಮರಳಿದರೆ, ಅವಳ ಸೇವೆಯ ಫಲವು ಅವಳನ್ನು ಅರ್ಧದಾರಿಯವರೆಗೆ ಮಾತ್ರ ಹಿಂಬಾಲಿಸುವುದು. ನಿವೃತ್ತಿವೇತನವು ದುಡಿಮೆಗೆ ಸಲ್ಲತಕ್ಕದ್ದು. ಅದು ಹುಟ್ಟಿಗೆ ಸಲ್ಲಬಾರದೆಂದು ನಾವು ಇನಾಮುಗಳನ್ನು ತೆಗೆದುಹಾಕಿ ಒಪ್ಪಿದೆವು. ಅದು ನೆಲೆಗೂ ಕಟ್ಟುಬಿದ್ದಿರಬಾರದೆಂಬುದನ್ನು ಒಪ್ಪಬೇಕಾದವರು ಇನ್ನೂ ಒಪ್ಪಬೇಕಾಗಿದೆ.